ವಿಭೂತಿ ಪೆಟ್ಟಿಗೆ ಸೇರಿದ್ದ ಮುಚ್ಚಳ

ಆ ಸುದ್ದಿ ಬಂದಾಗ ನಾನು ಶೇಂಗಾ ಹುರಿಯುತ್ತಿದ್ದೆ. ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟುವುದಿತ್ತು. ಶೇಂಗಾ ಹುರಿಯುವಾಗ ಒಲೆ ಬಿಟ್ಟು ಏಳುವಂತಿಲ್ಲ. ಒಂದು ಗಳಿಗೆ ಕೈ ನಿಂತರೆ ಒಂದು ಮಗ್ಗಲು ಕಪ್ಪಾಗಿ ಹಿಂಡಿಯೆಲ್ಲ ಕಹಿಯಾಗುತ್ತದೆ. ಹೀಗಾಗಿ ಪಡಸಾಲೆಯಲ್ಲಿ ಫೋನು ಗಣಗಣಿಸಿದ್ದೂ, ಸೊಸೆ ಎತ್ತಿದ್ದೂ, "ಹೌದ್ರಿ ಸರ್… ಮೂರೂ ಏನ್ರಿ? ಒಮ್ಮೆಲೆ ಏನ್ರಿ?" ಎಂದು ಅವಳು ಕೇಳಿದ್ದೂ ನನಗೆ ಒಲೆಯ ಮುಂದೆ ಕುಳಿತಲ್ಲೇ ಕೇಳಿಸಿತು.

ಫೋನು ಇಟ್ಟು ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತಳು.

"ಅತ್ತೀ, ಮುಂದಿನ ಗುರುವಾರ ಗುಲ್ಬರ್ಗಾದವರು ತಪಾಸಣಿಗೆ ಬರ್ತಾರಂತ್ರಿ. ಮೂರೂ ಕಂಪ್ಯೂಟರಿನ್ಯಾಗ ಒಮ್ಮೆಲೆ ಇಂಟರ್‌ನೆಟ್ ನಡೀಬೇಕಂತ. ಇಲ್ಲಂದ್ರ ನಮ್ಮ ಕ್ಲಾಸಿನ ಮಾನ್ಯತಾ ತೆಗೀತಾರಂತ್ರಿ."

"ನಮ್ಮನ್ಯಾಗ ಇರೋದು ಒಂದು ಫೋನಲ್ಲೇನ ಯವ್ವಾ?" ಅಂದೆ.

"ಅದಕ್ಕ ಹೇಳಾಕತ್ತೇನ್ರಿ."

ನಮ್ಮ ಮನೆ ಆಳಂದದಲ್ಲಿ. ಇದು ತೊಂಬತ್ತರ ದಶಕ ಮುಗಿಯುವ ಹೊತ್ತಿನ ಮಾತು. ನಮ್ಮ ಮನೆಯವರದು ತೊಗರಿ ವ್ಯಾಪಾರ. ರಸ್ತೆಯ ಕಡೆಗೆ ಅವರ ಅಂಗಡಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ನನ್ನ ಅಡುಗೆಮನೆ ಮತ್ತು ದೇವರ ಕೋಣೆ. ಮಗ ಜೇವರ್ಗಿಯ ಶಾಲೆಯಲ್ಲಿ ಮಾಸ್ತರ, ಶನಿವಾರ ಸಂಜೆ ಬಂದು ಸೋಮವಾರ ಮುಂಜಾನೆಯ ಬಸ್ಸಿಗೆ ಹೋಗುತ್ತಿದ್ದ. ಸೊಸೆ ಗುಲ್ಬರ್ಗಾದಲ್ಲಿ ಕಂಪ್ಯೂಟರ್ ಕಲಿತವಳು. ಮದುವೆಯಾಗಿ ಬಂದ ಎರಡನೆಯ ವರ್ಷಕ್ಕೆ, ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಕ್ಲಾಸು ತೆರೆದಳು. ಪ್ರಮಾಣಪತ್ರ ಕೊಡುವ ಸಂಸ್ಥೆ ಗುಲ್ಬರ್ಗಾದ್ದು, ಕಲಿಸುವವಳು ಇವಳು.

ಆ ಪಡಸಾಲೆ ಮೊದಲು ತೊಗರಿ ಚೀಲ ಒಟ್ಟುವ ಜಾಗ. ಮನೆಯವರು ಅದನ್ನು ಬಿಟ್ಟುಕೊಟ್ಟದ್ದು ಅರ್ಧ ಮನಸ್ಸಿನಿಂದ. ಅಂದು ಊಟಕ್ಕೆ ಕುಳಿತಾಗ ಸುದ್ದಿ ಕೇಳಿ ಅವರೆಂದರು:

"ನೋಡ್ರಿ, ಆದ್ರ ಆಯ್ತು. ಆಗಲಿಲ್ಲಂದ್ರ ಹೊಸ ತೊಗರಿ ಬರೋದ್ರಾಗ ಪಡಸಾಲಿ ನನಗ ಬೇಕು. ಹೋದ ವರ್ಷ ಚೀಲ ಅಂಗಳದಾಗ ಒಟ್ಟಿ, ಇಬ್ಬನಿಗೆ ಹಸಿ ಮಾಡ್ಕೊಂಡೀನಿ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ರೊಟ್ಟಿ ಬಡಿಸುತ್ತಿದ್ದ ನನ್ನ ಬಾಯಿಂದ, "ಆಗ್ತದ ಬಿಡ್ರಿ" ಎಂದು ಬಂದೇ ಬಿಟ್ಟಿತು.

"ನಿನಗೇನ್ ಗೊತ್ತದಬೇ ಅದು? ಇಂಟರ್‌ನೆಟ್ ಅಂದ್ರ ತಿನ್ನೋದೋ ಉಡೋದೋ?"

"ಗೊತ್ತಿಲ್ರಿ. ಆದ್ರೂ ಆಗ್ತದ."

ನಾನು ಯಾಕೆ ಹಾಗೆ ಹಟ ಹಿಡಿದೆ ಎಂದು ಹೇಳಬೇಕು. ನನ್ನ ತವರು ಅಫಜಲಪುರದ ಕಡೆಯ ಕರಜಗಿ. ಏಳನೆಯ ಇಯತ್ತೆ ಮುಗಿಸಿದೆ. ಮುಂದೆ ಓದಬೇಕೆಂದರೆ ಬಸ್ಸು ಹತ್ತಬೇಕಿತ್ತು, ಯಾರೂ ಹತ್ತಿಸಲಿಲ್ಲ. ಅದಕ್ಕಾಗಿ ನಾನು ಅತ್ತವಳಲ್ಲ. ಓದಲು ಬರೆಯಲು ಬಂತಲ್ಲ, ಅದೇ ಶಿವನ ದಯೆ ಅಂದುಕೊಂಡವಳು. ಆದರೆ ಕ್ಲಾಸಿಗೆ ಬರುತ್ತಿದ್ದ ಹುಡುಗಿಯರು ಬಸ್ಸು ಹತ್ತಿಯೇ ಬರುತ್ತಿದ್ದರು, ನಿಂಬರ್ಗಾದಿಂದ, ಕಿಣ್ಣಿ ಸುಲ್ತಾನದಿಂದ. ಕಿಣ್ಣಿ ಸುಲ್ತಾನದ ಒಬ್ಬಾಕೆಯ ತಂದೆ ಮೊದಲ ದಿನ ಬಂದಾಗ ಮಷೀನುಗಳ ಕಡೆ ತಿರುಗಿ ಕೂಡ ನೋಡಲಿಲ್ಲ. ಒಳಗೆ ಕಾಳು ಆರಿಸುತ್ತಿದ್ದ ನನ್ನನ್ನು ನೋಡಿ, "ಮನ್ಯಾಗ ನೀವು ಇರ್ತೀರಲ್ರಿ ಅಕ್ಕಾರ? ಹಂಗಿದ್ರ ಕಳಸ್ತೀನಿ" ಅಂದಿದ್ದ. ಈ ಪಡಸಾಲೆ ಮುಚ್ಚಿದರೆ ಅವಳು ಗುಲ್ಬರ್ಗಾಕ್ಕೆ ಹೋಗುತ್ತಾಳೆಯೇ? ಇಲ್ಲ. ಆ ಮನುಷ್ಯ ಮಗಳನ್ನು ಕಳಿಸಿದ್ದು ಕಂಪ್ಯೂಟರನ್ನು ನಂಬಿ ಅಲ್ಲ, ಈ ಮನೆಯನ್ನು ನಂಬಿ. ಸೊಸೆಗೂ ಅಷ್ಟೆ. ಇದು ಹೋದರೆ ಅವಳು ಕಲಿತದ್ದೆಲ್ಲ ನನ್ನಂತೆ ಒಲೆಯ ಮುಂದೆ ಕುಳಿತು ಮರೆಯಬೇಕು.

ಇನ್ನೊಂದು ಫೋನಿಗೆ ಅರ್ಜಿ ಹಾಕಿ ಬಹಳ ದಿನವಾಗಿತ್ತು. ವಾರದಲ್ಲಿ ಅದು ಬರುವ ಮಾತೇ ಇರಲಿಲ್ಲ. ಸೊಸೆ ಮರುದಿನ ಗುಲ್ಬರ್ಗಾಕ್ಕೆ ಹೋಗಿ, ತನಗೆ ಕಲಿಸಿದ ಮೇಡಂ ಒಬ್ಬರನ್ನು ಕಂಡು ಬಂದಳು. ಬರುವಾಗ ಕೈಯಲ್ಲಿ ಒಂದು ಸಿ.ಡಿ. ಇತ್ತು, ಕಂಪ್ಯೂಟರ್ ಮಾಸಿಕದ ಜೊತೆ ಪುಕ್ಕಟೆ ಬಂದದ್ದಂತೆ. ಜೊತೆಗೆ, ಏನೇನು ಮಾಡಬೇಕೆಂದು ಅವಳೇ ಕನ್ನಡದಲ್ಲಿ ಬರೆದುಕೊಂಡ ಒಂದು ನೋಟ್‌ಬುಕ್ಕು.

"ಇದರಾಗ ಲಿನಕ್ಸ್ ಅಂತ ಪ್ರೋಗ್ರಾಮ್ ಅದ್ರಿ ಅತ್ತಿ. ನಮ್ಮ ಹಳೇ ಮಷೀನಿಗೆ ಇದನ್ನ ಹಾಕ್ತೇನಿ."

ಹಳೆಯ ಮಷೀನೆಂದರೆ ಕ್ಲಾಸು ಸುರುವಾದಾಗ ತಂದ ಮೊದಲನೆಯದು. ಅದರ ಪರದೆ ಕೆಟ್ಟಿತ್ತು, ಮಷೀನೂ ಬಹಳ ನಿಧಾನ. ಅದಕ್ಕೊಂದು ಅರಿವೆ ಹೊದಿಸಿ ಮೂಲೆಯಲ್ಲಿಟ್ಟಿದ್ದೆವು. ನಾನು ಅದರ ಮೇಲೆ ಸೌಟು ಬುಟ್ಟಿ ಇಟ್ಟದ್ದೂ ಉಂಟು.

"ಅದು ಸತ್ತದಲ್ಲ?"

"ಪರದಿ ಸತ್ತದ್ರಿ, ಮಷೀನ್ ಜೀವಂತದ. ಫೋನಿನ ತಂತಿ ಇದಕ್ಕೊಂದಕ್ಕ ಹಚ್ಚೋದು. ಉಳಿದ ಮೂರು ಇದರ ಹತ್ರ ಕೇಳ್ತಾವ. ಇದು ಹೊರಗಿಂದ ತಂದು ಕೊಡ್ತದ. ಹೊರಗಿನವರಿಗೆ ಇದರ ಹೆಸರಷ್ಟೇ ಕಾಣ್ತದ್ರಿ, ಒಳಗ ಯಾರು ಕೇಳ್ಯಾರ ಅಂತ ಗೊತ್ತಾಗಂಗಿಲ್ಲ. ಆದ್ರ ಯಾರು ಕೇಳಿದ್ರು ಅಂತ ಇದು ನೆನಪಿಟ್ಟು ಅವರಿಗೇ ಮುಟ್ಟಸ್ತದ."

ನನಗೆ ತಟ್ಟನೆ ತಿಳಿಯಿತು. ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ನಾವು ಮೂವರು ಸೊಸೆಯಂದಿರು. ತವರಿಗೆ ಕಾಗದ ಬರೆದರೆ ಹೋಗುತ್ತಿದ್ದುದು ಅತ್ತೆಯ ಹೆಸರಿನಲ್ಲಿ, ಉತ್ತರ ಬರುತ್ತಿದ್ದುದೂ ಅತ್ತೆಗೇ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಕಾಗದವನ್ನು ಮುಟ್ಟಿ ನೋಡಿ, "ಇದು ಕರಜಗಿದು, ಇದು ನಿನಗ" ಎಂದು ಸರಿಯಾಗಿ ಹಂಚುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ.

"ಅಂದ್ರ ಅದು ನಮ್ಮತ್ತಿ ಇದ್ದಂಗ" ಅಂದೆ.

"ಹೌದ್ರಿ. ಆದ್ರ ಇದು ಬೈಯಂಗಿಲ್ಲ" ಎಂದು ನಕ್ಕಳು.

ಮೂರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ ಕಪ್ಪು ತಂತಿ ಮೊದಲಿನಿಂದಲೂ ಇತ್ತು. ಒಂದೇ ಪ್ರಿಂಟರಿಗಾಗಿ ಹಾಕಿಸಿದ್ದು. ಹಳೆಯ ಮಷೀನನ್ನೂ ಅದಕ್ಕೇ ಸೇರಿಸುವುದಿತ್ತು. ಭಾನುವಾರ ಮಗನೂ ಇದ್ದ. ಫೋನಿನ ಹತ್ತಿರದ ಮೇಜಿನ ಮೇಲೆ ಹಳೆಯ ಮಷೀನಿಗೆ ಜಾಗ ಮಾಡಬೇಕಿತ್ತು. ಅದಕ್ಕಾಗಿ ಮೇಜುಗಳನ್ನು ಸರಿಸಿ, ಆಚೆ ತುದಿಯ ಮೂರನೆಯ ಕಂಪ್ಯೂಟರಿನ ಡಬ್ಬಿಯನ್ನು ಇಳಿಸಿ ಗೋಡೆಯ ಮೂಲೆಗೆ ನೆಲದ ಮೇಲಿಟ್ಟ. ಹಳೆಯದಕ್ಕೆ ಇನ್ನೊಂದರ ಪರದೆಯನ್ನು ಆ ಹೊತ್ತಿಗಷ್ಟೇ ಹಚ್ಚಿ ಸೊಸೆ ಮುಂಜಾನೆಯಿಂದ ಕುಳಿತಳು. ಮಧ್ಯಾಹ್ನದ ಊಟದ ಹೊತ್ತಿಗೆ ಫೋನಿಗೆ ಹಚ್ಚಿದ ಮೋಡೆಮ್ ಡಬ್ಬಿ ಕಿರುಚಿ ಕೊರಗಿ ಸುಮ್ಮನಾಯಿತು. ಮೂರನೆಯ ಕಂಪ್ಯೂಟರಿನ ಮುಂದೆ ಕುಳಿತ ಮಗ, "ಬಂತು! ಇಲ್ಲೂ ಬಂತು!" ಎಂದು ಕೂಗಿದ. ತೆಗೆದ ಪರದೆಯನ್ನು ಅದರ ಜಾಗಕ್ಕೆ ಮರಳಿಸಿ ನೋಡಿದರೆ ಮೂರರಲ್ಲೂ ಬಂತು. ನಾನು ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದೆ. ಒಂದು ಚಿತ್ರ ಮೇಲಿನಿಂದ ಕೆಳಗೆ ಮೆಲ್ಲಗೆ, ಪರದೆ ಇಳಿಬಿಟ್ಟಂತೆ, ಮೂಡುತ್ತಿತ್ತು. ಅಂದು ಸಂಜೆ ಲಿಂಗಪೂಜೆಯಲ್ಲಿ ಶಿವನಿಗೆ, ಇವತ್ತು ನೀ ಮಾಡಿದ್ದು ಬಹಳಾಯಿತು, ನಾಳೆ ಏನೂ ಮಾಡದಿದ್ದರೂ ನಡೆಯುತ್ತದೆ ಎಂದು ಹೇಳಿಕೊಂಡೆ. ಹಾಗೆ ಹೇಳಬಾರದಿತ್ತೋ ಏನೋ.

ಸೋಮವಾರ ಅಮಾವಾಸ್ಯೆ. ಅಂದು ಕ್ಲಾಸಿಗೆ ಸೂಟಿ. ಮಗ ಜೇವರ್ಗಿಗೆ ಹೋದ. ತಪಾಸಣೆಯ ಕಾಗದಪತ್ರ ತುಂಬಿಸಿಕೊಂಡು ಬರಲು ಸೊಸೆ ಮತ್ತೆ ಗುಲ್ಬರ್ಗಾಕ್ಕೆ ಹೋದಳು. ಅಮಾವಾಸ್ಯೆಗೆ ನಾನು ಇಡೀ ಮನೆ ತೊಳೆಯುತ್ತೇನೆ. ಪಡಸಾಲೆಯಲ್ಲಿ ಮಾತ್ರ ಮಷೀನು ಬಂದಾಗಿನಿಂದ ನೀರು ಹೊಯ್ಯದೆ ಒದ್ದೆ ಅರಿವೆಯಿಂದ ಒರೆಸುತ್ತಿದ್ದೆ. ಒರೆಸುತ್ತ ಮೂಲೆಗೆ ಬಂದಾಗ, ನೆಲಕ್ಕಿಳಿಸಿದ ಡಬ್ಬಿಯ ಹಿಂದೆ ಏನೋ ಮಿಂಚಿತು. ಕಪ್ಪು ತಂತಿ ಬಂದು ಸೇರುವಲ್ಲಿಯೇ, ಪಕ್ಕದ ಬಾಯಿಗೆ ಒಂದು ಸಣ್ಣ ಮುಚ್ಚಳ. ಹೆಬ್ಬೆರಳ ತುದಿಯಷ್ಟು, ದುಂಡಗೆ, ಬೆಳ್ಳಿಯ ಹಾಗೆ. ನಾನು ಕೊರಳಲ್ಲಿ ಇಷ್ಟಲಿಂಗವಿಟ್ಟುಕೊಳ್ಳುವ ಬೆಳ್ಳಿಯ ಕರಡಿಗೆಯ ಮುಚ್ಚಳವೇ ಸಣ್ಣದಾಗಿ ಬಂದು ಕುಳಿತಂತೆ ಕಂಡಿತು. ಅದಕ್ಕೆ ಯಾವ ತಂತಿಯೂ ಇರಲಿಲ್ಲ. ಮುಂದೆ ಏನೂ ಇಲ್ಲದ ಬಾಯಿಗೆ ಹಾಕಿದ ಮುಚ್ಚಳ. ನೆಲಕ್ಕೆ ಹತ್ತಿದ್ದಂತೆ ಇದೆ, ಕಾಲು ತಾಗುತ್ತದೆ, ಒರೆಸುವ ನೀರು ತಾಗುತ್ತದೆ ಎಂದುಕೊಂಡು ಸ್ವಲ್ಪ ಒತ್ತಿ ತಿರುವಿದೆ. ಕರಡಿಗೆ ಬಿಚ್ಚಿದಷ್ಟೇ ಸುಲಭವಾಗಿ ಕೈಗೆ ಬಂತು. ನೆಲ ಆರಿದ ಮೇಲೆ ಹಾಕಿದರಾಯಿತು.

ಅಷ್ಟರಲ್ಲಿ ಅಮಾವಾಸ್ಯೆಯ ಪ್ರಸಾದಕ್ಕೆ ಜಂಗಮ ಅಯ್ಯನವರು ಬಂದರು. ಅವರ ಪಾದಕ್ಕೆ ನೀರು ಕೊಡಬೇಕು, ಎಡೆ ಮಾಡಬೇಕು. ಕೈಯಲ್ಲಿದ್ದ ಮುಚ್ಚಳವನ್ನು ಕಂಡಕಂಡಲ್ಲಿ ಇಡಲು ಮನಸ್ಸಾಗಲಿಲ್ಲ. ದೇವರ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಹೊಸ ವಿಭೂತಿ ಗಟ್ಟಿ, ಲಿಂಗದ ಹೊಸ ದಾರ, ಶುಭ್ರ ವಸ್ತ್ರ, ಇಂಥವನ್ನು ಕೂಡಿಡುವ ಪೆಟ್ಟಿಗೆ, ತಿಂಗಳಿಗೊಮ್ಮೆಯೂ ತೆರೆಯುವುದಿಲ್ಲ. ಅದರೊಳಗೆ ಇಟ್ಟೆ. ಅಯ್ಯನವರು ಉಂಡು, ಹರಸಿ ಹೋದರು. ಮುಚ್ಚಳ ನನ್ನ ತಲೆಯಿಂದಲೂ ಹೋಯಿತು.

ಮಂಗಳವಾರ ಸೊಸೆ ಎಲ್ಲ ಚಾಲೂ ಮಾಡಿದಳು. ಹಳೆಯ ಮಷೀನಿಗೆ ಫೋನು ಹತ್ತಿತು, ಇಂಟರ್‌ನೆಟ್ ಬಂತು. ಉಳಿದ ಮೂರರಲ್ಲಿ ಏನೂ ಇಲ್ಲ.

"ಅತ್ತೀ, ಯಾರರ ತಂತಿ ಮುಟ್ಟೀರೇನ್ರಿ?"

"ಒರಸೀನಿ ಖರೆ. ತಂತಿ ಒಂದೂ ಎಳದಿಲ್ಲ ಯವ್ವಾ" ಅಂದೆ. ಸುಳ್ಳು ಹೇಳಲಿಲ್ಲ. ತಂತಿಯನ್ನು ನಾನು ಎಳೆದಿರಲಿಲ್ಲ.

ಹಾಗಾಗಿ ಅವಳು ತನ್ನ ಕೆಲಸದಲ್ಲೇ ತಪ್ಪು ಹುಡುಕತೊಡಗಿದಳು. ತಂತಿ ಹಳೆಯದು, ವರ್ಷದಿಂದ ಕೆಡದೆ ಬಂದದ್ದು; ಲಿನಕ್ಸ್ ಮೊನ್ನೆ ತಾನೇ ಹಾಕಿದ್ದು. ತಪ್ಪಿದ್ದರೆ ಹೊಸದರಲ್ಲೇ ಇರಬೇಕಲ್ಲವೇ? ಎಲ್ಲ ಅಳಿಸಿ ಮತ್ತೆ ಹಾಕಿದಳು. ಬುಧವಾರ ಇನ್ನೊಮ್ಮೆ ಹಾಕಿದಳು. ಊಟಕ್ಕೆ ಕರೆದರೆ "ಬಂದೆ" ಅನ್ನುವುದು, ಬರದಿರುವುದು. ಕಡೆಗೆ ನಾನೇ ರೊಟ್ಟಿ ಸುತ್ತಿ ಕೈಗೆ ಕೊಟ್ಟೆ. ಮಧ್ಯಾಹ್ನ ಅವಳು ಕೀಲಿಮಣೆಯನ್ನು ದೂರ ತಳ್ಳಿದಳು.

"ನನ್ನ ಕೈಲೆ ಆಗಂಗಿಲ್ರಿ ಅತ್ತಿ. ಮಾವಗ ಪಡಸಾಲಿ ಕೊಟ್ಟುಬಿಡ್ರಿ."

"ಕೊಡಂಗಿಲ್ಲ."

"ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಗುರುವಾರ ಅವರು ಬಂದು ಆಗಲಿಲ್ಲ ಅನ್ನಲಿ. ಬುಧವಾರ ನಾವ್ಯಾಕ ಅನ್ನೋಣು? ತಾ ಇಲ್ಲಿ ಆ ನೋಟ್‌ಬುಕ್ಕು. ನಾ ಓದ್ತೀನಿ, ನೀ ಮಾಡು. ದಣಿದ ಕಣ್ಣಿಗೆ ಇದ್ದದ್ದು ಕಾಣಂಗಿಲ್ಲ."

ಕನ್ನಡಕ ಹಾಕಿಕೊಂಡು ಅವಳ ಮಗ್ಗುಲಲ್ಲಿ ಕುಳಿತೆ. ಮೊದಲ ಪುಟದ ಮೊದಲ ಸಾಲು: "ತಂತಿಯ ಎರಡೂ ಕೊನೆಗೆ ಟರ್ಮಿನೇಟರ್ ಇದೆಯೇ ನೋಡುವುದು."

"ಅದು ಅದ್ರಿ, ಮುಂದ ಓದ್ರಿ" ಅಂದಳು.

ಮುಂದೆ ಓದಿದೆ. ಆ ಶಬ್ದ ಏನೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಪುಟದಿಂದ ಪುಟಕ್ಕೆ ಓದುತ್ತ ಹೋದೆ. ಅವಳು ಒಂದೊಂದನ್ನೂ ಮಾಡಿದಳು. ಎಲ್ಲ ಸರಿಯಾಗಿತ್ತು, ಏನೂ ನಡೆಯಲಿಲ್ಲ. ಅಂಗಡಿಯಿಂದ ಮನೆಯವರು ಇಣುಕಿ, "ಏನ್ ಪುರಾಣ ನಡದದ? ಮಂಗಳಾರತಿ ಯಾವಾಗ?" ಅಂದರು. ನಾನು ಮುಂದಿನ ಪುಟ ತಿರುವಿದೆ.

ಗುರುವಾರ ಬೆಳಗ್ಗೆ ಸ್ನಾನ ಮಾಡಿ ಪೂಜೆಗೆ ಕುಳಿತೆ. ಲಿಂಗಪೂಜೆಯಾಗದೆ ನಾನು ನೀರನ್ನೂ ಕುಡಿಯುವುದಿಲ್ಲ. ದೀಕ್ಷೆಯಾದಾಗಿನಿಂದ ಹಾಗೆಯೇ ನಡೆದಿದೆ. ವಿಭೂತಿಗೆ ಕೈ ಹಾಕಿದರೆ ಗಟ್ಟಿ ಸವೆದು ಚೂರಾಗಿತ್ತು. ಹೊಸದು ತೆಗೆಯಲು ಪೆಟ್ಟಿಗೆ ತೆರೆದೆ. ಗಟ್ಟಿಯ ಪಕ್ಕದಲ್ಲಿ, ಬಿಳಿಯ ವಸ್ತ್ರದ ಮೇಲೆ, ಆ ಮುಚ್ಚಳ ಕುಳಿತಿತ್ತು.

ಎರಡೂ ಕೊನೆಗೆ ಇದೆಯೇ ನೋಡುವುದು ಎಂದು ಓದಿದ್ದು ನೆನಪಾಯಿತು. ಆ ಡಬ್ಬಿ ಇದ್ದದ್ದು ಕೊನೆಯಲ್ಲಿ. ನಾನೇ ಎರಡು ದಿನ ಸೊಸೆಯನ್ನು ಗೋಳಾಡಿಸಿದ್ದೆ. ಒಂದು ಗಳಿಗೆ, ಯಾರಿಗೂ ಕಾಣದಂತೆ ಹೋಗಿ ತಿರುವಿ ಬಂದುಬಿಡಲೇ ಎಂದೂ ಅನಿಸಿತು. ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹಾಗೆ ಮಾಡಿದರೆ ತನ್ನ ಕೆಲಸ ತನ್ನಿಂದಲೇ ಕೆಟ್ಟಿತ್ತು ಎಂದು ಅವಳು ಯಾವಾಗಲೂ ತಿಳಿಯುತ್ತಿದ್ದಳು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, "ಸ್ವಲ್ಪ ತಡಿಯಪ್ಪಾ" ಎಂದು ಹೇಳಿ, ಪೂಜೆ ಬಿಟ್ಟು ಎದ್ದೆ.

ಪಡಸಾಲೆಯಲ್ಲಿ ಸೊಸೆ ಇದ್ದಳು, ಕಿಣ್ಣಿ ಸುಲ್ತಾನದ ಹುಡುಗಿ ಇದ್ದಳು, ಇನ್ನಿಬ್ಬರಿದ್ದರು. ಮನೆಯವರು ಪತ್ರಿಕೆ ಓದುತ್ತ ಕುಳಿತಿದ್ದರು. ಅಂಗೈ ತೆರೆದು ತೋರಿಸಿದೆ.

"ಯವ್ವಾ, ಇದು ಏನು?"

ಸೊಸೆ ನೋಡಿದಳು. ಮುಚ್ಚಳ ನೋಡಿದಳು, ನನ್ನನ್ನು ನೋಡಿದಳು. "ಅತ್ತೀ… ಇದು ಎಲ್ಲಿತ್ತ್ರಿ?"

"ಅಮಾಸಿ ದಿನ ನಾನೇ ಬಿಚ್ಚೀನಿ. ನೆಲಕ್ಕ ಬಿದ್ದೀತು, ಕಾಲಿಗೆ ಸಿಕ್ಕೀತು ಅಂತ ವಿಭೂತಿ ಪೆಟ್ಟಿಗ್ಯಾಗ ಇಟ್ಟು ಮರತೀನಿ. ತಪ್ಪು ನಂದದ. ನೀ ಮಾಡಿದ್ದು ಎಲ್ಲ ಸರಿ ಅದ."

ಅವಳು ಅದನ್ನು ಕಸಿದುಕೊಂಡೇ ಮೂಲೆಗೆ ಓಡಿದಳು. ಮೇಜಿನ ಕೆಳಗಿನಿಂದಲೇ ಅವಳ ದನಿ ಬಂತು: "ಟರ್ಮಿನೇಟರ್ ಅಂದ್ರ ಇದೇ ರೀ! ತಂತಿ ಕೊನಿಗೆ ಇದನ್ನ ಮುಚ್ಚಲಿಲ್ಲಂದ್ರ ಒಂದೂ ಮಾತಾಡಂಗಿಲ್ರಿ! ಮೂರೂ ಮೂಕ ಆಗ್ತಾವ!"

ಮನೆಯವರು ಪತ್ರಿಕೆ ಮಡಚಿ, ಹುಡುಗಿಯರ ಕಡೆ ನೋಡಿ, "ಕೇಳಿದ್ರೇನ್ರವಾ? ಊರಾಗಿನವರು ದಸರಾಕ್ಕ ಮಷೀನಿಗೆ ಪೂಜಿ ಮಾಡ್ತಾರ. ನಮ್ಮಾಕಿ ಅದಕ್ಕ ದೀಕ್ಷಾನೇ ಕೊಟ್ಟಾಳ!" ಅಂದರು. ಹುಡುಗಿಯರು ಸೆರಗು ಬಾಯಿಗಿಟ್ಟು ನಕ್ಕರು. ನನಗೂ ನಗೆ ಬಂತು. ಮೇಜಿನ ಕೆಳಗಿನಿಂದ ಎದ್ದ ಸೊಸೆ ಮಾತ್ರ ನಗಲಿಲ್ಲ. ಬಂದು ನನ್ನ ಕೈ ಹಿಡಿದು, "ನಾನೂ ನೋಡಲಿಲ್ರಿ ಅತ್ತಿ. ನೀವು ಓದಿದ್ರಿ, ನಾನು 'ಅದ' ಅಂದೆ" ಅಂದಳು. ಕೈ ಬಿಡುವ ಮುಂಚೆ ಒಮ್ಮೆ ಒತ್ತಿದಳು. ಅಷ್ಟಕ್ಕೇ ಮುಗಿಯಿತು ಆ ಮಾತು.

ಪೂಜೆಗೆ ವಾಪಸು ಹೋಗೋಣವೆಂದರೆ ಹೊರಗೆ ಜೀಪು ನಿಂತ ಸದ್ದಾಯಿತು. ಹನ್ನೊಂದಕ್ಕೆ ಎಂದವರು ಹತ್ತಕ್ಕೇ ಬಂದಿದ್ದರು. ಮಷೀನುಗಳನ್ನು ಇನ್ನೂ ಪರೀಕ್ಷಿಸಿ ನೋಡಿರಲಿಲ್ಲ.

ತಪಾಸಣೆಯ ಸಾಹೇಬರು ಮಾತು ಕಡಿಮೆಯವರು. ಕುರ್ಚಿಯಲ್ಲಿ ಕುಳಿತು, "ಚಾಲೂ ಮಾಡ್ರಿ" ಅಂದರು. ಮೂವರು ಹುಡುಗಿಯರು ಮೂರು ಕಂಪ್ಯೂಟರುಗಳ ಮುಂದೆ ಕುಳಿತರು. ಮೂಲೆಯದರ ಮುಂದೆ ಕಿಣ್ಣಿ ಸುಲ್ತಾನದಾಕೆ. ಸೊಸೆ ಫೋನು ಹಚ್ಚಿದಳು. ಒಂದು ಸಲ ಹತ್ತಲಿಲ್ಲ. ಎರಡನೆಯ ಸಲ ಡಬ್ಬಿ ಕಿರುಚತೊಡಗಿತು.

ಆ ಫೋನಿನ ಇನ್ನೊಂದು ಕವಲು ಅಂಗಡಿಯಲ್ಲಿತ್ತು. ಅಲ್ಲಿ ಯಾರಾದರೂ ಎತ್ತಿದರೆ ಇಲ್ಲಿ ಎಲ್ಲ ಕಡಿಯುತ್ತದೆ. ಹತ್ತರಿಂದ ಹನ್ನೊಂದು, ಪೇಟೆಯ ತೊಗರಿ ಧಾರಣೆ ಕೇಳುವ ಹೊತ್ತು. ಆ ಹೊತ್ತಿನಲ್ಲಿ ಇವರು ಫೋನು ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಮನೆಯವರು ಗಾದಿಯ ಮೇಲೆ ಕುಳಿತು ಫೋನಿನ ಮೇಲೆ ಅಂಗೈ ಊರಿದ್ದರು. ಧಾರಣೆ ಕೇಳಲು ಬಂದ ರೈತನೊಬ್ಬ ಎದುರು ನಿಂತಿದ್ದ.

"ಒಂದು ಫೋನ್ ಹಚ್ಚ್ರಲ್ರಿ ಸಾವಕಾರ್ರ."

"ಇವತ್ತ ಫೋನ್ ಬಂದ್ ಅದ."

"ಏನಾಗ್ಯಾದ್ರಿ ಅದಕ್ಕ?"

"ಏನೂ ಆಗಿಲ್ಲ. ಮನ್ಯಾಗ ಹೆಣ್ಮಕ್ಕಳದು ಪರೀಕ್ಷಾ ನಡದದ. ಕುಂದ್ರು, ಚಾ ಕುಡಿ."

ಪಡಸಾಲೆಗೆ ತಿರುಗಿದೆ. ಮೊದಲನೆಯದರಲ್ಲಿ ಬಂತು. ಎರಡನೆಯದರಲ್ಲಿ ಬಂತು. ಮೂಲೆಯದು ಬಿಳಿಯಾಗಿಯೇ ಇತ್ತು. ಆ ಹುಡುಗಿ ತಿರುಗಿ ನನ್ನನ್ನು ನೋಡಿದಳು, ತನಗೆ ಕಲಿಸುವ ಸೊಸೆಯ ಕಡೆ ಅಲ್ಲ, ನನ್ನನ್ನು. ನಾನು ಕೈಯಿಂದಲೇ, ತಡಿ, ತಡಿ ಎಂದು ಸನ್ನೆ ಮಾಡಿದೆ. ಬಾಯಿ ಒಣಗಿತ್ತು, ಬೆಳಗಿನಿಂದ ಹನಿ ನೀರು ಹೋಗಿರಲಿಲ್ಲ. ಆಮೇಲೆ ಮೇಲ್ಗಡೆ ಒಂದು ಎಳೆಯಷ್ಟು ಬಣ್ಣ ಕಂಡಿತು. ಇನ್ನೊಂದು ಎಳೆ. ಪರದೆ ಇಳಿಬಿಟ್ಟಂತೆ ಚಿತ್ರ ಇಳಿಯತೊಡಗಿತು.

ಸಾಹೇಬರು ಎದ್ದು ಮೂರರ ಮುಂದೆಯೂ ನಿಂತು ನೋಡಿದರು. "ಉಳಿದೆರಡು ಫೋನು ಎಲ್ಲಿ ಅದಾವ್ರಿ?"

"ಇಲ್ರಿ ಸರ್. ಇರೋದು ಒಂದೇ. ಇದು ಹಂಚ್ತದ" ಎಂದು ಸೊಸೆ ಪರದೆಯಿಲ್ಲದ ಹಳೆಯ ಮಷೀನನ್ನು ತೋರಿಸಿದಳು. ಅವರು ಅದರ ಹಿಂದೆ ಬಾಗಿ ನೋಡಿದರು, ತಂತಿಯ ಗುಂಟ ಮೂಲೆಯವರೆಗೆ ನಡೆದು ಹೋದರು, ಆ ಬೆಳ್ಳಿ ಮುಚ್ಚಳವನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ನಿಧಾನದ" ಅಂದರು.

"ನಿಧಾನದ್ರಿ ಸರ್. ಆದ್ರ ಮೂರೂ ನಡೀತಾವ."

"ನಡೀತಾವ" ಎಂದು ತಾವೂ ಹೇಳಿ, ಕಾಗದ ಬಿಚ್ಚಿ ಸಹಿ ಮಾಡಿದರು. ಒಂದು ವರ್ಷದ ಮಾನ್ಯತೆ. ಅಷ್ಟರಲ್ಲಿ ಇನ್ನೊಂದು ಫೋನು ಹಾಕಿಸಬೇಕು ಎಂದು ಕೆಳಗೆ ಒಂದು ಸಾಲು. ಚಹಾ ತಂದುಕೊಟ್ಟೆ. "ನೀವು ತೊಗೊಳಂಗಿಲ್ಲೇನ್ರಿ ತಾಯಿ?" ಅಂದರು. "ನಂದಿನ್ನೂ ಪೂಜಿ ಆಗಿಲ್ರಿ" ಅಂದೆ. ಅವರು ಗಡಿಯಾರ ನೋಡಿ ಕೈ ಮುಗಿದರು.

ಜೀಪು ಹೋದ ಮೇಲೆ ಮನೆಯವರು ಅಂಗಡಿಯಿಂದ ಒಳಗೆ ಬಂದರು. ಕಾಗದ ಓದಿ, ಪಡಸಾಲೆಯನ್ನೊಮ್ಮೆ ಈ ಗೋಡೆಯಿಂದ ಆ ಗೋಡೆಯವರೆಗೆ ಅಳೆದಂತೆ ನೋಡಿದರು.

"ಅಂಗಳಕ್ಕ ತಗಡಿನ ಚಪ್ಪರ ಹಾಕಸ್ಬೇಕಾತು" ಅಂದರು. ಅಷ್ಟೆ.

ದೇವರ ಕೋಣೆಗೆ ಹೋದೆ. ಪೆಟ್ಟಿಗೆ ನಾನು ಬಿಟ್ಟಂತೆಯೇ ತೆರೆದಿತ್ತು. ಹೊಸ ವಿಭೂತಿ ತೇಯ್ದು ಹಚ್ಚಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಏನು ಬೇಡಬೇಕೆಂದು ತೋಚಲಿಲ್ಲ. ವಿಭೂತಿ ಇನ್ನೊಂದು ದಿನ ಸಾಲುವಷ್ಟು ಉಳಿದಿದ್ದರೆ ಪೆಟ್ಟಿಗೆ ತೆರೆಯುತ್ತಿದ್ದುದು ಶುಕ್ರವಾರ. ಸವೆಯಬೇಕಾದ ದಿನವೇ ಅದನ್ನು ಸವೆಸಿದ ಆ ಶಿವನಿಗೆ ಇನ್ನೇನು ಹೇಳುವುದು? ಲಿಂಗಕ್ಕೆರೆದ ನೀರು, ಪಾದೋದಕ, ತೆಗೆದುಕೊಂಡಾಗ ಗಂಟಲು ತಂಪಾಯಿತು.

ಪಡಸಾಲೆಯಲ್ಲಿ ಹುಡುಗಿಯರ ಕೀಲಿಮಣೆಯ ಸದ್ದು ಸುರುವಾಗಿತ್ತು. ಹೊತ್ತು ನೆತ್ತಿಗೆ ಬಂದಿತ್ತು, ಮನೆಯಲ್ಲಿ ಒಬ್ಬರೂ ಉಂಡಿರಲಿಲ್ಲ. ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಳ ತಿರುವಿ, ಅಡುಗೆಮನೆಗೆ ಹೋಗಿ ಹಂಚು ಕಾಯಲಿಟ್ಟೆ. ಜೋಳದ ಹಿಟ್ಟಿಗೆ ಬಿಸಿ ಎಸರು ಹೊಯ್ದು ನಾದತೊಡಗಿದೆ.